ಹೊಗಳಿದರೆ ನಟ್ಟು ಸಡಿಲ

ಅವರು ತೀರಿಹೋದ ಸುದ್ದಿ ಬಂದಾಗ ನಾವು ಊಟ ನಿಲ್ಲಿಸಲಿಲ್ಲ. ಶುಕ್ರವಾರ ಮಧ್ಯಾಹ್ನ, ಗ್ಯಾರೇಜಿನ ಮೆಸ್ಸು, ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು. ಆಸ್ಪತ್ರೆಯ ಫೋನು ಎತ್ತಿದವನು ನಾನು, ವಿಷಯ ಹೇಳಿದವನೂ ನಾನೇ. ಯಾರ ಕೈಯೂ ತಟ್ಟೆಯಿಂದ ಏಳಲಿಲ್ಲ. ಮುಲ್ಕಿ ಕಡೆಯ ಟಿಂಕರ್ ಒಬ್ಬ, "ಇನ್ನು ಬಂಗುಡೆ ಕಾಯಿಸ್ಲಿಕ್ಕೆ ಯಾರ ಹತ್ರವೂ ಕೇಳ್ಬೇಕಂತ ಇಲ್ಲ" ಎಂದ. ಒಂದಿಬ್ಬರು ನಕ್ಕರು. ನಾನೂ ನಕ್ಕಿರಬೇಕು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆ ನಿಯಮ ಪಾಲಿಸುವುದಾದರೆ ನಾನು ಈ ಬರಹವನ್ನು ಇಲ್ಲಿಗೇ ಮುಗಿಸಬೇಕಾಗುತ್ತದೆ.

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ನಮ್ಮ ಗ್ಯಾರೇಜಿಗೆ ಅವರು ಫೋರ್‌ಮನ್. ನಾನು ಆಫೀಸು ನೋಡಿಕೊಳ್ಳುವವನು. ಬಿಲ್ಲು, ಬಿಡಿಭಾಗ, ವೀಸಾ, ವಿಮಾನದ ಟಿಕೆಟ್ಟು, ಅರ್ಬಾಬ್ ಬಂದರೆ ಗಾವಾ ಕಾಫಿ. ಅರ್ಬಾಬ್ ಅಂದರೆ ನಮ್ಮ ಧಣಿ. ಆ ಕಾಲದ ಕತಾರಿನಲ್ಲಿ ಧಣಿಯ ಸಹಿ ಇಲ್ಲದೆ ಇನ್ನೊಂದು ಕಂಪನಿಗೆ ಹೋಗುವಂತಿರಲಿಲ್ಲ, ರಜೆಗೆ ವಿಮಾನ ಹತ್ತುವಂತೆಯೂ ಇರಲಿಲ್ಲ. ಗ್ಯಾರೇಜಿನಲ್ಲಿ ಹೆಚ್ಚಿನವರು ನಾವು ಕರಾವಳಿಯವರು, ತುಳುವಿನಲ್ಲಿ ಜಗಳವಾಡಿ ತುಳುವಿನಲ್ಲೇ ರಾಜಿಯಾಗುವವರು. ನಮ್ಮ ನಡುವೆ ಅವರೊಬ್ಬರೇ ಹುಬ್ಬಳ್ಳಿಯವರು. ರೈಲ್ವೆಯ ಡೀಸೆಲ್ ಎಂಜಿನ್ ರಿಪೇರಿ ಮಾಡುವ ಶೆಡ್ಡಿನಲ್ಲಿ ಅರ್ಧ ಆಯುಷ್ಯ ಕಳೆದು, ಏನೋ ಆಗಿ, ಬಿಟ್ಟು ಬಂದವರು. ಏನಾಯಿತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸಣ್ಣ ಆಳು. ಕಬ್ಬಿಣದ ಬಣ್ಣದ ಮೀಸೆ. ಕೈಯಲ್ಲಿ ಸದಾ ಒಂದು ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಣ್ಣು ತೆರೆದಾಗ ರೋಗ ಗೊತ್ತಾಗಿರುತ್ತಿತ್ತು. ಆಮೇಲೆ ಅದೇ ಸ್ಕ್ರೂಡ್ರೈವರಿನ ತುದಿಯನ್ನು ಕೆಲಸ ಕೆಡಿಸಿದವನ ಗದ್ದದ ಕೆಳಗಿಟ್ಟು ಮುಖ ಮೇಲೆತ್ತುತ್ತಿದ್ದರು. ಎಣ್ಣೆಯ ಗುರುತು ಗದ್ದದಲ್ಲಿ ಸಂಜೆಯವರೆಗೂ ಇರುತ್ತಿತ್ತು.

ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಮಾತು ತೊದಲುವ ಒಬ್ಬ ನೇಪಾಳಿ ಮೆಕ್ಯಾನಿಕ್ ಇದ್ದ. ಅವನಿಗೆ "ಸ್ಟಾರ್ಟರ್" ಎಂದು ಹೆಸರಿಟ್ಟರು. ಅವನು ಬಾಯಿ ತೆರೆದರೆ, "ಎಳಿ, ಎಳಿ, ಈಗ ಹತ್ತತೈತಿ ನೋಡು" ಎಂದು ಎಲ್ಲರ ಎದುರು ಕಾಯುತ್ತ ನಿಲ್ಲುತ್ತಿದ್ದರು. ನನಗೆ "ಸ್ಟೆಪ್ನಿ" ಎಂದು ಹೆಸರು. ಹಿಂದೆ ನೇತಾಡಿಕೊಂಡು ಇರುವವನು, ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂಬರ್ಥದಲ್ಲಿ. ಮೆಸ್ಸಿನಲ್ಲಿ ಮೀನು ಕಾಯಿಸಲು ಅವರ ಅಪ್ಪಣೆ ಬೇಕಿತ್ತು. ಕಾಯಿಸಿದ ದಿನ ತಮ್ಮ ಖುಬ್ಬೂಸ್ ರೊಟ್ಟಿ, ಮನೆಯಿಂದ ತರಿಸಿದ ಶೇಂಗಾ ಚಟ್ನಿ ತಗೊಂಡು ಹೊರಗೆ ಟಯರುಗಳ ಮೇಲೆ ಕೂತು ತಿನ್ನುತ್ತಿದ್ದರು. ಆ ಚಟ್ನಿಯ ರುಚಿ ಹೇಗಿತ್ತೆಂದು ಗ್ಯಾರೇಜಿನಲ್ಲಿ ಒಬ್ಬನಿಗೂ ಗೊತ್ತಿಲ್ಲ.

ಅವರ ಮುಖ್ಯ ಶಿಕ್ಷೆ "ಹಾರ". ಬೈಯುತ್ತಿರಲಿಲ್ಲ. ಯಾವ ಭಾಗವನ್ನು ಕೆಡಿಸಿದ್ದೀಯೋ ಅದನ್ನೇ ತಂತಿಗೆ ಪೋಣಿಸಿ ನಿನ್ನ ಕೊರಳಿಗೆ ಹಾಕುವುದು. ಸುಟ್ಟ ಕ್ಲಚ್ ಪ್ಲೇಟು, ಒಡೆದ ಬೇರಿಂಗು, ಏನಾದರೂ ಸರಿ. ಕೆಲಸ ಮುಗಿಯುವವರೆಗೆ ಹಾಕಿಕೊಂಡಿರಬೇಕು, ಊಟಕ್ಕೂ ಹಾಗೇ ಕೂರಬೇಕು. ಗಿರಾಕಿಗಳು ನೋಡಿ ನಗುತ್ತಿದ್ದರು. ತಂದೆ ಸತ್ತ ಸುದ್ದಿ ಬಂದ ದಿನವೂ ಒಬ್ಬನ ಕೊರಳಿಂದ ಅದನ್ನು ತೆಗೆಸಲಿಲ್ಲ. "ಅತ್ತದ್ದು ಮುಗೀತಂದ್ರ ಆ ಬ್ರೇಕ್ ನೋಡು" ಅಂದರು. ದುಃಖ ಮರೆಯಲಿ ಅಂತ ಹಾಗೆ ಮಾಡಿದ್ದು ಎಂದು ಕೆಲವರು ಆಮೇಲೆ ಹೇಳಿದರು. ನಾನು ಅದನ್ನು ನಂಬುವುದಿಲ್ಲ. ಬ್ರೇಕು ಅರ್ಜೆಂಟಿತ್ತು, ಅಷ್ಟೇ.

ಹೊಗಳಿಕೆ ಎಂಬುದು ಅವರ ಬಾಯಲ್ಲಿ ಇರಲೇ ಇಲ್ಲ. ಒಮ್ಮೆ ನಾನೇ ಕೇಳಿದ್ದೆ, ಚೆನ್ನಾಗಿ ಮಾಡಿದವನಿಗೆ ಒಂದು ಒಳ್ಳೆಯ ಮಾತು ಹೇಳಿದರೆ ಏನು ಹೋಗುತ್ತದೆ ಎಂದು. "ಹೊಗಳಿದರ ನಟ್ಟು ಸಡಲ ಆಗ್ತಾವಲೇ ಸ್ಟೆಪ್ನಿ" ಎಂದರು. "ಬೈದರ ಬಿಗಿ ಆಗ್ತಾವ."

ಇನ್ನು ಪಿಕಪ್ಪಿನ ಕತೆ. ಅರ್ಬಾಬನ ಅಪ್ಪನ ಹತ್ತಿರ ಒಂದು ಹಳೆಯ ಜಪಾನಿ ಪಿಕಪ್ ಇತ್ತು. ಒಂಟೆಗಳಿಗೆ ಮೇವು ಹೊತ್ತು, ನೀರು ಹೊತ್ತು, ಮರಳಿನಲ್ಲೇ ಮುದಿಯಾದ ಗಾಡಿ. ಅದರ ಎಂಜಿನ್ ಸತ್ತಿತ್ತು. ಮನೆಯ ಅಂಗಳದಲ್ಲಿ ಹೊಚ್ಚ ಹೊಸ ಗಾಡಿಗಳು ಸಾಲಾಗಿ ನಿಂತಿದ್ದರೂ ಮುದುಕನಿಗೆ ಅದೇ ಬೇಕು. ಚಳಿಗಾಲದಲ್ಲಿ ಮರುಭೂಮಿಯಲ್ಲಿ ಡೇರೆ ಹಾಕಿಕೊಂಡು ತಿಂಗಳುಗಟ್ಟಲೆ ಇರುವ ಅಭ್ಯಾಸ ಅವನಿಗೆ. ಡೇರೆಗೆ ದೀಪ ಬೇಕು, ಫ್ರಿಜ್ಜು ಬೇಕು, ಆದರೆ ಜನರೇಟರಿನ ಸದ್ದು ಕೂಡದು. ಅರ್ಬಾಬ್ ಬಂದು ಇದನ್ನೆಲ್ಲ ಹೇಳಿ, ಏನಾದರೂ ಮಾಡಿ ಎಂದ. ಬೇರೆ ಯಾರಾದರೂ ಆಗಿದ್ದರೆ ಸ್ಕ್ರ್ಯಾಪಿನಿಂದ ಇನ್ನೊಂದು ಪೆಟ್ರೋಲ್ ಎಂಜಿನ್ ತಂದು ಕೂರಿಸಿ ಕೈತೊಳೆದುಕೊಳ್ಳುತ್ತಿದ್ದರು. ಅವರು ಗಾಡಿಯ ಸುತ್ತ ತಿರುಗಿ ಬಂದು, "ಇದಕ್ಕ ರೈಲಿನ ಪದ್ಧತಿ ಹಾಕೂಣು" ಎಂದರು.

ಅವತ್ತು ಅವರು ನಮಗೆ ಮಾಡಿದ ಪಾಠ ಇನ್ನೂ ಕಿವಿಯಲ್ಲಿದೆ. "ರೈಲಿನ ಎಂಜಿನ್ನೊಳಗ ಡೀಸೆಲ್ಲು ಗಾಲಿ ತಿರಗಸ್ತೈತಿ ಅಂತ ತಿಳ್ಕೊಂಡೀರಿ ಎಲ್ಲಾರೂ. ಸುಳ್ಳು. ಡೀಸೆಲ್ಲು ಬರೇ ಕರೆಂಟ್ ಹುಟ್ಟಸ್ತೈತಿ. ಗಾಲಿ ತಿರಗಸೂದು ಮೋಟರ್. ಡೀಸೆಲ್ಲಿಗೆ ರಸ್ತೆ ಏರು ಐತೋ ಇಳಕಲ ಐತೋ ಗೊತ್ತ ಇರೂದಿಲ್ಲ. ಅದರ ಪಾಡಿಗೆ ಅದು ಒಂದ ಲಯದಾಗ ದುಡೀತೈತಿ." ಹಾಗೆ ಹೇಳುವಾಗ ಅವರ ಮುಖದಲ್ಲಿ ಭಕ್ತಿಯಂಥದ್ದೊಂದು ಬಂದಿತ್ತು. ನಾನು ಅವರನ್ನು ಮನುಷ್ಯರಂತೆ ಕಂಡದ್ದು ಆಗ ಒಮ್ಮೆ.

ಪಿಕಪ್ಪಿನ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಕಿತ್ತು ಎಸೆದರು. ಬಾನೆಟ್ಟಿನೊಳಗೆ ನೀರಿನ ಪಂಪಿನ ಒಂದು ಪುಟ್ಟ ಡೀಸೆಲ್ ಎಂಜಿನ್ ಬಂತು, ಅದಕ್ಕೆ ಜೋಡಿಸಿದ ಡೈನಮೋ ಬಂತು. ಹಿಂದಿನ ಗಾಲಿಗಳನ್ನು ತಿರುಗಿಸಲು ಗುಜರಿಗೆ ಬಿದ್ದಿದ್ದ ಫೋರ್ಕ್‌ಲಿಫ್ಟಿನ ಮೋಟರು. ಅದೇ ಫೋರ್ಕ್‌ಲಿಫ್ಟಿನ ಬ್ಯಾಟರಿಗಳು ಹಿಂದಿನ ತೊಟ್ಟಿಯ ಅಡಿಗೆ. ಬ್ಯಾಟರಿ ತುಂಬಿದ್ದರೆ ಗಾಡಿ ಸದ್ದಿಲ್ಲದೆ ಹೋಗುತ್ತದೆ, ಸದ್ದಿಲ್ಲದೆ ಡೇರೆಗೆ ದೀಪ ಕೊಡುತ್ತದೆ. ಇಳಿದರೆ ಡೀಸೆಲ್ ಎದ್ದು ತುಂಬಿಸುತ್ತದೆ. ಇಂಥದ್ದಕ್ಕೆ ಹೈಬ್ರಿಡ್ ಅನ್ನುತ್ತಾರೆಂದು ನಾನು ಪೇಪರಿನಲ್ಲಿ ಓದಿ ಹೇಳಿದೆ. ಅವರು ಆ ಶಬ್ದವನ್ನು ಮುಟ್ಟಲಿಲ್ಲ, ಕೊನೆಯವರೆಗೂ "ಬೆರಕಿ ಗಾಡಿ" ಎಂದೇ ಕರೆದರು. ರಸ್ತೆಗೆ ಇಳಿಸಲು ಇದಕ್ಕೆ ಪರವಾನಗಿ ಸಿಗುವ ಹಾಗಿರಲಿಲ್ಲ. ಆದರೆ ಮರಳಿಗೆ ಯಾರ ಪರವಾನಗಿ ಬೇಕು?

ಹೇಳುವುದಕ್ಕೆ ಸುಲಭ. ಮಾಡಬೇಕಾದವನು ಸದಾಶಿವ. ಕಿನ್ನಿಗೋಳಿ ಕಡೆಯವನು, ನಮ್ಮ ಆಟೋ ಎಲೆಕ್ಟ್ರಿಷಿಯನ್. ಸುಟ್ಟ ಮೋಟರಿಗೆ ಹೊಸದಾಗಿ ತಂತಿ ಸುತ್ತುವುದು ಗ್ಯಾರೇಜಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಫೋರ್‌ಮನ್ನರಿಗೆ ಕಿವಿ ಇತ್ತು, ಸೂಕ್ಷ್ಮ ಕೆಲಸದ ಕಣ್ಣು ಹೋಗಿತ್ತು. ಸದಾಶಿವ ರಜೆಯಲ್ಲಿ ಊರಿಗೆ ಹೋಗಿ ಮದುವೆಯಾಗಿ, ಹೆಂಡತಿಯ ಜೊತೆ ಒಂದು ಮಳೆಗಾಲ ಪೂರ್ತಿ ಕಳೆಯದೆ ಮರಳಿದವನು. ಮಗಳು ಹುಟ್ಟಿದ್ದಳು. ಅವಳನ್ನು ಅವನು ಫೋಟೋದಲ್ಲಿ ಮಾತ್ರ ನೋಡಿದ್ದ. ರಾಸ್ ಲಫಾನಿನಲ್ಲಿ ಗ್ಯಾಸ್ ಕೆಲಸ ಮಾಡುವ ಒಂದು ಕಂಪನಿ ಅವನನ್ನು ತೆಗೆದುಕೊಳ್ಳಲು ಒಪ್ಪಿತ್ತು. ಅಲ್ಲಿಗೆ ಹೋದರೆ ಫ್ಯಾಮಿಲಿ ವೀಸಾ ಸಿಗುತ್ತದೆ, ಹೆಂಡತಿ ಮಗಳು ದೋಹಾಕ್ಕೆ ಬರಬಹುದು. ಓಲ್ಡ್ ಏರ್‌ಪೋರ್ಟ್ ಕಡೆ ಯಾರದೋ ಫ್ಲ್ಯಾಟಿನಲ್ಲಿ ಒಂದು ಕೋಣೆಯನ್ನೂ ಅವನು ನೋಡಿಟ್ಟಿದ್ದ. ಬೇಕಾದದ್ದು ಅರ್ಬಾಬನ ಎನ್‌ಓಸಿ, ನಮ್ಮ ಅಭ್ಯಂತರವಿಲ್ಲ ಎಂಬ ಒಂದು ಸಹಿ. ಅರ್ಬಾಬ್ ಫೋರ್‌ಮನ್ನರನ್ನು ಕೇಳದೆ ಯಾರಿಗೂ ಸಹಿ ಹಾಕುತ್ತಿರಲಿಲ್ಲ.

ಸದಾಶಿವ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿದ. "ನನ್ನದೊಂದು ಎನ್‌ಓಸಿ ಆಗ್ಬೇಕಿತ್ತು ಸಾರ್. ನೀವು ಒಂದು ಮಾತು ಹೇಳಿದ್ರೆ ಆಗ್ತದೆ."

ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಗಾಡಿ ಓಡಲಿ. ಗಾಡಿ ಓಡಿದ ದಿನ ನೀನೂ ಓಡು. ನಾ ಹೇಳ್ತೀನಿ ಅರ್ಬಾಬಗ."

ಆ ಮೇಲೆ ಸದಾಶಿವ ಆ ಗಾಡಿಗೆ ದುಡಿದ ಹಾಗೆ ನಾನು ಯಾರೂ ದುಡಿದದ್ದನ್ನು ನೋಡಿಲ್ಲ. ಬೇಸಿಗೆಯ ಬಿಸಿಗೆ ಮೋಟರಿನ ಕಂಟ್ರೋಲರ್ ನಡುನಡುವೆ ಸ್ಟ್ರೈಕ್ ಮಾಡುತ್ತಿತ್ತು. ಬ್ಯಾಟರಿಯ ನೀರು ಆರಿಹೋಗುತ್ತಿತ್ತು. ಧೂಳು ಮೋಟರಿನ ಒಳಗೆ ಸೇರಿ ಕಾರ್ಬನ್ ಸವೆಯುತ್ತಿತ್ತು. ಒಂದು ದಿನ ಕೇಬಲ್ ಹೊತ್ತಿ ಉರಿದು ಸ್ವಿಚ್ಚಿನ ಕಂಟ್ಯಾಕ್ಟರ್ ಕರಟಿತು. ಆ ಕಂಟ್ಯಾಕ್ಟರ್ ಇಟ್ಟಿಗೆಯಷ್ಟು ಭಾರ. ಅದನ್ನೇ ತಂತಿಗೆ ಕಟ್ಟಿ ಸದಾಶಿವನ ಕೊರಳಿಗೆ ಹಾಕಿದರು. ಅವನು ಅದನ್ನು ಹಾಕಿಕೊಂಡೇ ಹೊಸ ಕೇಬಲ್ ಎಳೆದ. ಊಟದ ಹೊತ್ತಿಗೆ ಅವನ ಎದೆಯೆಲ್ಲ ಮಸಿ, ತಂತಿ ಕುತ್ತಿಗೆಯ ಹಿಂದೆ ಚರ್ಮ ಕೊಯ್ದಿತ್ತು. "ಬಿಡಿ ಮಾರಾಯ್ರೆ, ಇದು ಎಷ್ಟು ದಿನ? ಗಾಡಿ ಓಡಿದ್ರೆ ಆಯ್ತಲ್ಲ" ಎಂದು ನನಗೇ ಸಮಾಧಾನ ಹೇಳಿದ.

ಮೊದಲ ಸಲ ಮರಳಿಗೆ ಇಳಿಸಿದಾಗ ಗಾಡಿ ಹೂತುಹೋಯಿತು. ಅದು ಪೂರ್ತಿ ಫೋರ್‌ಮನ್ನರ ತಪ್ಪು. ರೈಲಿನವರಿಗೆ ತೂಕವೆಂದರೆ ಪ್ರೀತಿ. ಎಂಜಿನ್ ಭಾರವಿದ್ದಷ್ಟೂ ಹಳಿಯ ಮೇಲೆ ಹಿಡಿತ. ಅದೇ ಲೆಕ್ಕದಲ್ಲಿ ಬ್ಯಾಟರಿಯ ಮೇಲೆ ಬ್ಯಾಟರಿ ಹೇರಿಸಿ, ಸಾಲದೆಂದು ಹಿಂದೆ ಕಬ್ಬಿಣದ ಹಲಗೆ ಬೇರೆ ಹಾಕಿಸಿದ್ದರು. ಹಿಂದಿನ ಗಾಲಿಗಳು ತಿರುಗಿದಷ್ಟೂ ಕೆಳಗಿಳಿದು, ಕೊನೆಗೆ ತೊಟ್ಟಿ ಮರಳಿನ ಮೇಲೆ ಕೂತಿತು. ಅರ್ಬಾಬನ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗುದ್ದಲಿ ಹಿಡಿದು ಅಗೆಯುತ್ತಿದ್ದ ನಮ್ಮಲ್ಲಿ ಯಾರೋ, ಇದರ ಹಾರ ಯಾರಿಗೆ ಎಂದು ಗೊಣಗಿದ್ದು ಅವರ ಕಿವಿಗೆ ಬಿತ್ತು. ಅವರು ಆ ಕಬ್ಬಿಣದ ಹಲಗೆಯನ್ನೇ ಬಿಚ್ಚಿಸಿ, ತಂತಿ ಕಟ್ಟಿ, ತಮ್ಮ ಕೊರಳಿಗೇ ಹಾಕಿಕೊಂಡರು. ವಾಪಸು ಗ್ಯಾರೇಜಿಗೆ ಬರುವವರೆಗೂ ತೆಗೆಯಲಿಲ್ಲ. ಮೆಚ್ಚುವ ಮಾತೇ, ನಿಜ. ಆದರೆ ತನ್ನ ಕೊರಳಿಗೆ ಹಾಕಿಕೊಂಡವನಿಗೆ ಇನ್ನೊಬ್ಬರ ಕೊರಳು ಕಾಣುತ್ತದೆ ಎಂದು ನಾನು ಭಾವಿಸಿದ್ದೆ. ಮರುದಿನ ಸ್ಟಾರ್ಟರ್‌ನ ಕೊರಳಿನಲ್ಲಿ ಏನೋ ನೇತಾಡುತ್ತಿತ್ತು.

ತೂಕ ಇಳಿಸಿದರು. ಬ್ಯಾಟರಿಗಳನ್ನು ನಡುವಿಗೆ ಸರಿಸಿ, ಅಗಲದ ಟಯರು ಹಾಕಿ, ಗಾಳಿ ಕಡಿಮೆ ಮಾಡಿದರು. ಚಳಿ ಶುರುವಾದ ಮೇಲೆ ಒಂದು ಸಂಜೆ ಮುದುಕನ ಡೇರೆಯ ಮುಂದೆ ಗಾಡಿಯನ್ನು ನಿಲ್ಲಿಸಿದೆವು. ಸದಾಶಿವನೇ ಓಡಿಸಿದ. ದಿಬ್ಬದ ಮೇಲಿಂದ ಪಿಕಪ್ಪು ಬರುತ್ತಿದೆ, ಸದ್ದೇ ಇಲ್ಲ, ಮರಳು ಟಯರಿನ ಕೆಳಗೆ ಸರಿಯುವುದು ಮಾತ್ರ ಕೇಳುತ್ತಿದೆ. ಡೇರೆಯೊಳಗೆ ದೀಪ ಹತ್ತಿತು, ಫ್ರಿಜ್ಜು ಗುಂಯ್‌ಗುಟ್ಟಿತು. ಮುದುಕ ಬಾನೆಟ್ಟಿನ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತ. ಅರ್ಬಾಬನ ನೆಂಟರೆಲ್ಲ ಸುತ್ತ ನೆರೆದರು. ಅವರಿಗೂ ಹಳೆಯ ಗಾಡಿ ಬಿಡದ ಅಪ್ಪಂದಿರು ಇದ್ದರು.

ಇದನ್ನು ಮಾಡಿದವರು ಯಾರು ಎಂದು ಅರ್ಬಾಬ್ ಕೇಳಿದ. ಕೇಳಿದ್ದು ಫೋರ್‌ಮನ್ನರನ್ನು, ಉತ್ತರ ಗೊತ್ತಿದ್ದೇ ಕೇಳಿದ್ದು. ಅವರು ಮುಂದೆ ಬಂದು ಸದಾಶಿವನ ಭುಜದ ಮೇಲೆ ಕೈಯಿಟ್ಟರು. ಆ ಕೈ ಯಾರ ಭುಜದ ಮೇಲೂ ಬಿದ್ದದ್ದನ್ನು ನಾವು ನೋಡಿರಲಿಲ್ಲ. ನಮ್ಮ ಗ್ಯಾರೇಜು ಅರಬಿಯಲ್ಲಿ ಹೇಳಿದರು: "ಹಾದಾ ಮಾಫಿ, ಸಯ್ಯಾರಾ ಮಾಫಿ." ಇವನಿಲ್ಲದಿದ್ದರೆ ಗಾಡಿಯೂ ಇಲ್ಲ.

ಸದಾಶಿವನ ಮುಖ ಅರಳಿತು. ವರ್ಷಗಟ್ಟಲೆ ಆ ಬಾಯಿಂದ ಒಂದು ಒಳ್ಳೆಯ ಮಾತಿಗೆ ಕಾದವನು. ನನ್ನ ಕಡೆ ತಿರುಗಿ ನಕ್ಕ. ಅರ್ಬಾಬ್ ತಲೆಯಾಡಿಸಿ, ನೆಂಟರ ಕಡೆ ನೋಡಿ, "ಖಲಾಸ್. ಹಾದಾ ಮಾಫಿ ರೂಹ್" ಎಂದ. ಮುಗಿಯಿತು, ಇವನು ಎಲ್ಲಿಗೂ ಹೋಗುವುದಿಲ್ಲ. ನೆಂಟರ ಪಿಕಪ್ಪುಗಳೆಲ್ಲ ನಮ್ಮ ಗ್ಯಾರೇಜಿಗೆ ಬರುವುದೆಂದು ಅಲ್ಲೇ ನಿಶ್ಚಯವಾಯಿತು. ನಗು ಸದಾಶಿವನ ಮುಖದಲ್ಲೇ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ವಾಪಸು ಬರುವಾಗ ಅವನು ಫೋರ್‌ಮನ್ನರನ್ನು ಕೇಳಿಯೇಬಿಟ್ಟ. "ಗಾಡಿ ಓಡಿತಲ್ಲ ಸಾರ್. ನೀವು ಹೇಳ್ತೇನೆ ಅಂತ ಹೇಳಿದ್ರಿ."

"ಹೇಳೇನಲ್ಲ. ನಿನ್ನ ಮುಂದನ ಹೇಳೇನಿ."

"ನನ್ನನ್ನು ಬಿಡ್ಲಿಕ್ಕೆ ಹೇಳ್ಬೇಕಿತ್ತು."

"ಕೆಲಸ ಬಾರದವಗ ಎನ್‌ಓಸಿ ಲಗೂನ ಸಿಗತೈತಿ, ತಮ್ಮಾ" ಎಂದರು ಅವರು, ಕಿಟಕಿಯ ಹೊರಗೆ ನೋಡುತ್ತ. "ಛಲೋ ಆಳಿಗೆ ಯಾವ ಧಣಿ ಬಿಡ್ತಾನ?"

ಸದಾಶಿವ ಆ ಮಾತನ್ನು ಹಾಗೆಯೇ ತಗೊಂಡ. ಕೆಲಸ ಬಾರದವನಾಗಲು ಶುರುಮಾಡಿದ. ಗ್ಯಾಸ್ ಕಂಪನಿ ಇನ್ನೂ ಸ್ವಲ್ಪ ಕಾಯುತ್ತೇವೆ ಎಂದಿತ್ತು. ಎರಡನೆಯ ಪಿಕಪ್ಪಿನಲ್ಲಿ ಬ್ಯಾಟರಿಯ ಕೇಬಲ್ಲುಗಳನ್ನು ಬಿಗಿ ಮಾಡದೆ ಬಿಟ್ಟ. ಮೂರನೆಯದರಲ್ಲಿ ಮೋಟರಿನ ಸುತ್ತು ತಪ್ಪಿಸಿದ. ಗಾಡಿ ಅರ್ಬಾಬನ ನೆಂಟರ ಮುಂದೆ ನಿಂತುಹೋಗಲಿ, ಇವನು ಕೆಲಸಕ್ಕೆ ಬಾರದವನು ಎಂದು ಕಾಗದ ಕೊಟ್ಟು ಕಳಿಸಲಿ ಎಂಬುದು ಅವನ ಲೆಕ್ಕ. ತನ್ನ ಕೊರಳಿಗೆ ಯಾವ ಹಾರ ಬಂದರೂ ಬರಲಿ ಎಂದು ಕಾದ. ಹಾರ ಬರಲಿಲ್ಲ. ಗಾಡಿಗಳೂ ಕೆಡಲಿಲ್ಲ.

ಯಾಕೆಂದು ನನಗೆ ಗೊತ್ತಾದದ್ದು ಒಂದು ದಿನ ಎಲ್ಲರೂ ಚಾಯ್‌ಗೆ ಹೋದಾಗ. ಬಿಡಿಭಾಗ ಹುಡುಕುತ್ತ ಶೆಡ್ಡಿಗೆ ಹೋದೆ. ಪಿಕಪ್ಪಿನ ಅಡಿಯಿಂದ ಎರಡು ಕಾಲು ಹೊರಗಿದ್ದವು. ಫೋರ್‌ಮನ್ನರು ಆ ವಯಸ್ಸಿನಲ್ಲಿ ಬೆನ್ನ ಮೇಲೆ ಮಲಗಿ, ಸದಾಶಿವ ಸಡಿಲ ಬಿಟ್ಟ ನಟ್ಟುಗಳನ್ನು ಒಂದೊಂದಾಗಿ ಬಿಗಿ ಮಾಡುತ್ತಿದ್ದರು. ತಪ್ಪು ಸುತ್ತಿದ ಮೋಟರನ್ನು ಆಗಲೇ ಬದಲಿಸಿ ಹಳೆಯದನ್ನು ಗೋಣಿಯಲ್ಲಿ ಸುತ್ತಿಟ್ಟಿದ್ದರು. ಹೊರಗೆ ಬಂದು ನನ್ನನ್ನು ನೋಡಿದರು. "ಕಂಡದ್ದು ಹೊಟ್ಟ್ಯಾಗ ಇಟ್ಕೊ, ಸ್ಟೆಪ್ನಿ" ಎಂದರು. ಮುಂದಿನ ವಾರ ಅರ್ಬಾಬ್ ಬಂದಾಗ ಮತ್ತೆ ಸದಾಶಿವನ ಭುಜ ತಟ್ಟಿದರು. ಯಾರನ್ನೂ ಹೊಗಳದ ಮನುಷ್ಯ ಅವನೊಬ್ಬನನ್ನು ಹೊಗಳಿ ಹೊಗಳಿ ಕಟ್ಟಿಹಾಕಿದರು.

ಯಾಕೆ ಹೀಗೆ ಮಾಡಿದರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ರೈಲ್ವೆಯಲ್ಲಿ ಅವರು ರಿಪೇರಿ ಮಾಡಿದ್ದೆಲ್ಲ ಬೇರೆಯವರು ಕಟ್ಟಿದ ಎಂಜಿನ್ನು. ಈ ಬೆರಕಿ ಗಾಡಿ ಒಂದೇ ಅವರದ್ದು. ಅದನ್ನು ಉಳಿಸಿಕೊಳ್ಳಲು ಒಬ್ಬ ಗಂಡ, ಒಬ್ಬಳು ಹೆಂಡತಿ, ಒಂದು ಮಗು ಖರ್ಚಾದರೆ ಅವರಿಗೆ ಅದು ಖರ್ಚೇ ಅಲ್ಲ. ಇಷ್ಟು ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಕ್ಷಮಿಸಬೇಕೆಂದಿಲ್ಲ.

ಗ್ಯಾಸ್ ಕಂಪನಿ ಬೇರೆಯವರನ್ನು ತಗೊಂಡಿತು. ಓಲ್ಡ್ ಏರ್‌ಪೋರ್ಟಿನ ಕೋಣೆಗೆ ಮಲಯಾಳಿ ಸಂಸಾರವೊಂದು ಬಂತು. ಸದಾಶಿವ ಕೆಡಿಸುವುದನ್ನೂ ಬಿಟ್ಟ, ಮಾತಾಡುವುದನ್ನೂ ಬಿಟ್ಟ. ಕನಿಷ್ಠ ರಜೆಗಾದರೂ ಕಳಿಸಿ ಎಂದು ಕೇಳಿದರೆ, ಈ ಗಾಡಿ ಮುಗಿಯಲಿ, ಆ ಗಾಡಿ ಮುಗಿಯಲಿ. ಪಾಸ್‌ಪೋರ್ಟು ನನ್ನ ಆಫೀಸಿನ ಕಪಾಟಿನಲ್ಲಿತ್ತು. ಕಪಾಟಿನ ಬೀಗದ ಕೈ ಅರ್ಬಾಬನ ಮನೆಯಲ್ಲಿತ್ತು. ಫೋಟೋದಲ್ಲಿನ ಮಗು ಶಾಲೆಯ ಯೂನಿಫಾರ್ಮು ಹಾಕಿತು.

ಆಮೇಲೆ ಫೋರ್‌ಮನ್ನರಿಗೆ ಊರಿಗೆ ಹೋಗುವ ಮನಸ್ಸಾಯಿತು. ಏದುಸಿರು ಬರುತ್ತಿತ್ತು, ಹುಬ್ಬಳ್ಳಿಯಲ್ಲಿ ಕಟ್ಟಿಸಿದ ಮನೆಯಲ್ಲಿ ಹೆಂಡತಿ ಒಬ್ಬಳೇ ಇದ್ದಳು. ಅರ್ಬಾಬ್ ಗ್ಯಾರೇಜಿಗೆ ಬಂದಾಗ ಹೇಳಿದರು, ಸಾಕು, ಇನ್ನು ನನ್ನನ್ನು ಕಳಿಸಿ. ಅರ್ಬಾಬ್ ಯೋಚಿಸಿದ. ಸದಾಶಿವನನ್ನು ಕರೆಸಿ, ಇವರಿಲ್ಲದೆ ನೀನೊಬ್ಬನೇ ಈ ಗಾಡಿಗಳನ್ನು ಮಾಡಬಲ್ಲೆಯಾ ಎಂದು ಕೇಳಿದ.

ಮಾಡಬಲ್ಲವನೇ. ಅದು ಗ್ಯಾರೇಜಿನ ಗೋಡೆಗಳಿಗೂ ಗೊತ್ತಿತ್ತು. ಸದಾಶಿವ ಕೈಯ ಗ್ರೀಸು ಒರೆಸಿಕೊಂಡು ಫೋರ್‌ಮನ್ನರ ಮುಖವನ್ನೇ ನೋಡುತ್ತ ನಿಧಾನವಾಗಿ ಹೇಳಿದ: "ಹಾದಾ ಮಾಫಿ, ಸಯ್ಯಾರಾ ಮಾಫಿ."

ಅರ್ಬಾಬ್ ಕೈ ಚೆಲ್ಲಿದ. ಹಾಗಾದರೆ ಮುಂದಿನ ವರ್ಷ ನೋಡೋಣ, ಇನ್‌ಶಾ ಅಲ್ಲಾ.

ಫೋರ್‌ಮನ್ನರು ಸಿಟ್ಟಾಗಲಿಲ್ಲ. ಸದಾಶಿವನಿಗೆ "ಛಲೋ ಕಲತಿ" ಎಂದರು. ಅಷ್ಟು ಹೇಳಿ ಕೆಲಸಕ್ಕೆ ಹೋದರು. ಆ ಮೇಲೆ ಇಬ್ಬರೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ ದುಡಿದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆ ಕಾಲದಲ್ಲಿ ಹೊರಬಿದ್ದ ಗಾಡಿಗಳೇ ಎಲ್ಲಕ್ಕಿಂತ ಒಳ್ಳೆಯವು ಎಂಬುದನ್ನೂ ಹೇಳಬೇಕು.

ಬೇಸಿಗೆಯ ನಡುವೆ ಅವರು ಎಂಜಿನ್ನಿಗೆ ಕಿವಿ ಕೊಟ್ಟು ನಿಂತವರು ಹಾಗೆಯೇ ಕುಸಿದರು. ಆಸ್ಪತ್ರೆಗೆ ಸೇರಿಸಿದೆವು. ನಮ್ಮ ಪೈಕಿ ನೋಡಲು ಹೋಗುತ್ತಿದ್ದವನು ನಾನೊಬ್ಬನೇ, ಅದೂ ಆಫೀಸಿನ ಕೆಲಸವೆಂದು. ಒಂದು ದಿನ ಅರ್ಬಾಬನೂ ಬಂದ. ಕೆಲಸಗಾರನೆಂದು ಲೆಕ್ಕಿಸದೆ ಹಾಸಿಗೆಯ ಬದಿಯಲ್ಲಿ ಕೂತು ಕೈ ಹಿಡಿದುಕೊಂಡ. ರೋಗಿಯನ್ನು ನೋಡಲು ಬರುವುದನ್ನು ಆ ಜನ ತಪ್ಪಿಸುವುದಿಲ್ಲ.

ಅವರು ಆ ಕೈಯನ್ನು ಬಿಡದೆ, ಮೂಗಿನ ನಳಿಗೆಯ ನಡುವೆಯೇ ಹೇಳಿದರು. "ಅರ್ಬಾಬ್, ಅನಾ ಮೌತ್, ಸದಾಶಿವ ರೂಹ್ ಸವಾ ಸವಾ. ವಸಿಯ್ಯ." ನಾನು ಸತ್ತರೆ ನನ್ನ ಹೆಣದ ಜೊತೆ ಸದಾಶಿವ ಹೋಗಬೇಕು, ಇದು ನನ್ನ ಕೊನೆಯ ಕೋರಿಕೆ. ಅರ್ಬಾಬನ ಮುಖ ಬದಲಾಯಿತು. ನಾವು ಬದುಕಿದ್ದವರು ಕೇಳಿದ್ದನ್ನೆಲ್ಲ ಅವನು ಇಲ್ಲವೆಂದಿರಬಹುದು, ಸಾಯುವವನ ವಸಿಯ್ಯವನ್ನು ಮೀರುವುದು ಅವನಿಂದ ಸಾಧ್ಯವಿರಲಿಲ್ಲ. ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಅವನನ್ನು ಫೋರ್‌ಮನ್ನರಷ್ಟು ಚೆನ್ನಾಗಿ ತಿಳಿದವರು ಬೇರೆ ಇರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, ದನಿ ಬದಲಿಸದೆ ಕನ್ನಡದಲ್ಲಿ ಹೇಳಿದರು. "ಅವನ ಬರೂ ಟಿಕೆಟ್ ತಗೀಬ್ಯಾಡಲೇ ಸ್ಟೆಪ್ನಿ. ಸುಮ್ನ ದಂಡ."

ಏನಂತೆ ಎಂದು ಅರ್ಬಾಬ್ ಕೇಳಿದ. ನೀರು ಬೇಕಂತೆ ಎಂದೆ.

ಅದಾಗಿ ಬಂದ ಶುಕ್ರವಾರವೇ ಅವರು ಹೋದದ್ದು. ಕೊಲ್ಲಿಯಲ್ಲಿ ಯಾರಾದರೂ ಸತ್ತರೆ ಹೆಣದ ಜೊತೆ ಒಬ್ಬನನ್ನು ಕಂಪನಿ ಕಳಿಸುತ್ತದೆ. ಟಿಕೆಟ್ಟೂ ರಜೆಯೂ ಪುಕ್ಕಟೆ, ಹಾಗಾಗಿ ಅದಕ್ಕೆ ಪೈಪೋಟಿ ಇರುತ್ತದೆ. ಊಟದ ತಟ್ಟೆ ತೊಳೆಯುವ ಮುಂಚೆಯೇ ಮೂವರು ನನ್ನ ಹತ್ತಿರ ಬಂದು ಹೆಸರು ಕೊಟ್ಟಿದ್ದರು, ಅವರಲ್ಲಿ ಬಂಗುಡೆಯ ಮಾತಾಡಿದ ಟಿಂಕರನೂ ಒಬ್ಬ. ಸದಾಶಿವ ಬರಲಿಲ್ಲ. ಅರ್ಬಾಬ್ ಒಂದು ದಿನ ಪೂರ್ತಿ ಒದ್ದಾಡಿದ. ಶೆಡ್ಡಿನಲ್ಲಿ ಅರ್ಧ ಬಿಚ್ಚಿದ ಪಿಕಪ್ಪುಗಳು ನಿಂತಿದ್ದವು, ಇವನನ್ನು ಕಳಿಸಿದರೆ ಅವನ್ನು ಮಾಡುವವರು ಯಾರು? ಕೊನೆಗೆ ಎಕ್ಸಿಟ್ ಪರ್ಮಿಟ್ಟಿಗೆ ಸಹಿ ಹಾಕಿದ, ಬೀಗದ ಕೈ ಕಳಿಸಿದ. ಬೇಗ ಬರಲು ಹೇಳು ಎಂದು ನನಗೆ ಎರಡು ಸಲ ಹೇಳಿದ.

ಏರ್‌ಪೋರ್ಟಿನಲ್ಲಿ ಸದಾಶಿವ ಟಿಕೆಟ್ಟನ್ನು ತಿರುಗಿಸಿ ನೋಡಿದ, ಮತ್ತೆ ನನ್ನನ್ನು ನೋಡಿದ. ಒಂದೇ ಕಡೆಯ ಟಿಕೆಟ್ಟು. ನನ್ನ ಎರಡೂ ಕೈ ಹಿಡಿದು ಒತ್ತಿ ಒಳಗೆ ನಡೆದ. ಮುಂಬೈಯಲ್ಲಿಳಿದು, ಹೆಣದ ಜೊತೆ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಒಪ್ಪಿಸಿದನಂತೆ. "ನೀನ ಏನಪಾ ಸದಾಶಿವ? ನಿನ್ನಂಥಾ ಕೆಲಸಗಾರ ಇಲ್ಲ ಅಂತ ಬಾಳ ಹೇಳ್ತಿದ್ರು" ಎಂದು ಅವರ ಹೆಂಡತಿ ಅತ್ತರಂತೆ. ಅಲ್ಲಿಯೂ ಹೊಗಳಿಟ್ಟಿದ್ದರು. ಅಲ್ಲಿಂದ ಬಸ್ಸು ಹತ್ತಿ ಊರಿಗೆ ಹೋದ ಸದಾಶಿವ ಕತಾರಿಗೆ ಮರಳಲಿಲ್ಲ. ಪಿಕಪ್ಪುಗಳು ಅರ್ಧಕ್ಕೇ ನಿಂತು, ಗುಜರಿಯಿಂದ ಬಂದದ್ದು ಗುಜರಿಗೇ ಹೋಯಿತು.

ಮುಂದಿನ ರಜೆಯಲ್ಲಿ ನಾನು ಕಿನ್ನಿಗೋಳಿಗೆ ಹೋದೆ. ಪೇಟೆಯಲ್ಲಿ ಅವನದೊಂದು ಸಣ್ಣ ಅಂಗಡಿ, ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುತ್ತಾನೆ. ಹೆಂಡತಿ ಚಾ ತಂದಳು. ಮಗಳು ಅಪ್ಪನ ಹೆಗಲಿಗೆ ಜೋತುಬಿದ್ದು ನನ್ನನ್ನು ನೋಡಿದಳು. ಸದಾಶಿವ ಆ ಟಿಕೆಟ್ಟಿನ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳಿಕೊಂಡ. ನನಗೆ ತಡೆಯಲಾಗಲಿಲ್ಲ. ಅದು ನನ್ನ ಬುದ್ಧಿಯಲ್ಲ ಎಂದು ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ವಸಿಯ್ಯ, ಅರ್ಬಾಬನ ಮಾತು, ಬರುವ ಟಿಕೆಟ್ಟು ಬೇಡ ಎಂದದ್ದು.

ಅವನ ಕೈ ಮೋಟರಿನ ಮೇಲೆ ನಿಂತಿತು. ಮಗಳನ್ನು ಹೆಗಲಿನಿಂದ ಇಳಿಸಿ ಒಳಗೆ ಕಳಿಸಿದ. ಅವನ ಕಣ್ಣಲ್ಲಿ ನೀರು ಬರಬಹುದು ಎಂದು ನಾನು ಕಾದೆ.

"ಒಂದು ಮಾತು ಹೇಳಿದ್ರೆ ಸಾಕಿತ್ತು ಮಾರಾಯ್ರೆ" ಎಂದ ಸದಾಶಿವ. "ಅದಕ್ಕೆ ಸಾಯ್ಲಿಕ್ಕೆ ಯಾಕೆ ಬೇಕಿತ್ತು?"